ಐಸ್ ಹಾಕಿ ಗ್ಯಾಲರಿಯ ಹಳೇ ಕೂಗುಗಳನ್ನು ಹೊಸ ಹುಡುಗರಿಗೆ ದಾಟಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಈಶಾನ್ಯ ಭಾಗದ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತಿದ್ದೇನೆ. ಊರಲ್ಲಿದ್ದಾಗ ಹಾಕಿ ಅಂದ್ರೆ ಕೊಡಗಿನ ಮೈದಾನದ ಹಾಕಿ ಅಷ್ಟೇ ಗೊತ್ತಿತ್ತು. ಇಲ್ಲಿಗೆ ಬಂದ ಮೇಲೆ ಐಸ್ ಹಾಕಿಯ ಹುಚ್ಚು ಹಿಡಿಯಿತು. ಈಗ ಸ್ಟೂಡೆಂಟ್ ಸೆಕ್ಷನ್, ಅಂದರೆ ಗ್ಯಾಲರಿಯಲ್ಲಿ ವಿದ್ಯಾರ್ಥಿಗಳ ಜಾಗ, ನೋಡಿಕೊಳ್ಳುವ ಗುಂಪಿನಲ್ಲಿ ನಾನೂ ಒಬ್ಬಳು.

ಕೂಗುಗಳೆಲ್ಲ ಗೊತ್ತಿದ್ದ ಸೀನಿಯರ್‌ಗಳು ಪದವಿ ಮುಗಿಸಿ ಹೊರಟುಹೋದರು. ಹೊಸಬರು ಬರ್ತಾರೆ, ಫೋನ್ ನೋಡ್ತಾ ಕೂರ್ತಾರೆ, ಗೋಲ್ ಬಿದ್ದಾಗ ಒಂದು ಚಪ್ಪಾಳೆ, ಅಷ್ಟೇ. ಕೂಗುಗಳ ಪಟ್ಟಿ ಪ್ರಿಂಟ್ ಮಾಡಿ ಹಂಚಿದೆವು. ಅರ್ಧ ಗಂಟೆಯಲ್ಲಿ ಎಲ್ಲಾ ಕಾಲಡಿಗೆ ಬಿದ್ದಿತ್ತು. ದೊಡ್ಡ ಕಾಲೇಜುಗಳಲ್ಲಿ ಐವತ್ತು ವರ್ಷದ ಹಿಂದಿನ ಕೂಗು ಇನ್ನೂ ನಡೀತಿದೆ ಅಂತಾರೆ. ಅಲ್ಲಿ ಹೇಗೆ ಉಳಿಸಿಕೊಂಡಿದ್ದಾರೆ? ಇನ್ನೊಂದು ವಿಷಯ, ನಮ್ಮ ಹಳೇ ಕೂಗುಗಳಲ್ಲಿ ಒಂದೆರಡು ಬರೀ ಬೈಗುಳ. ಅವನ್ನು ಏನು ಮಾಡೋದು?

ಕಾರ್ನೆಲ್‌ನಲ್ಲಿ ಓದಿದವರ ಉತ್ತರ

ಪಟ್ಟಿ ಕಾಲಡಿಗೆ ಬಿದ್ದದ್ದು ಸಹಜ. ಕೂಗನ್ನು ಯಾರೂ ಓದಿ ಕಲಿಯಲ್ಲ.

ನಾನು ಓದಿದ್ದು ಕಾರ್ನೆಲ್ ಯೂನಿವರ್ಸಿಟಿ ಇರೋ ಇಥಾಕಾದಲ್ಲಿ. ನಮ್ಮ ಐಸ್ ಹಾಕಿ ಅಂಗಳ ಲೈನಾ ರಿಂಕ್ 1957ರದ್ದು. ಹಿಡಿಯೋದು ಸುಮಾರು 4,200 ಜನ. ವಿದ್ಯಾರ್ಥಿಗಳ ಕಡೆ ಯಾರೂ ಕೂರಲ್ಲ, ಪೂರ್ತಿ ಆಟ ನಿಂತೇ ಇರೋದು. ಹೊಸಬ ಸುಮ್ನೆ ಕೂತು ನೋಡೋಣ ಅಂದುಕೊಂಡರೆ ಅವನಿಗೆ ಕಾಣೋದು ಮುಂದಿನವರ ಬೆನ್ನು ಮಾತ್ರ. ಅಲ್ಲಿಗೆ ಮೊದಲ ಪಾಠ ಮುಗೀತು.

ಎರಡನೇ ಪಾಠ ಆಟಕ್ಕೂ ಮುಂಚೆ. ಎದುರು ತಂಡದವರ ಹೆಸರು ಮೈಕಿನಲ್ಲಿ ಓದುವಾಗ ಇಡೀ ಸೆಕ್ಷನ್ ದಿನಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತದೆ. ನೀವು ಯಾರಾದರೆ ನಮಗೇನು, ನಾವು ಪೇಪರ್ ಓದ್ತಾ ಇದ್ದೀವಿ ಅನ್ನೋ ಧಾಟಿ. ನಡುನಡುವೆ ‘ಬೋರಿಂಗ್!’ ಅಂತ ಕೂಗು. ನಮ್ಮ ತಂಡ ಬಂದ ಕೂಡಲೇ ಪೇಪರೆಲ್ಲ ಉಂಡೆ ಮಾಡಿ ಎಸೆಯೋದು. ಇಲ್ಲಿ ಹೊಸಬನಿಗೆ ಯಾರೂ ಏನೂ ವಿವರಿಸಲ್ಲ. ಪಕ್ಕದಲ್ಲಿ ನಿಂತ ಹುಡುಗಿ ತನ್ನ ಪೇಪರ್‌ನಿಂದ ಒಂದು ಹಾಳೆ ಎಳೆದು ಅವನ ಕೈಗೆ ತುರುಕುತ್ತಾಳೆ. ಅವನು ಒಂದು ಕ್ಷಣ ಅದನ್ನು ನಿಜವಾಗಿ ಓದೋಕೆ ಶುರು ಮಾಡ್ತಾನೆ. ಆಮೇಲೆ ಅರ್ಥವಾಗಿ ನಗ್ತಾನೆ. ಮುಂದಿನ ವಾರ ಅವನೇ ಒಂದು ಕಟ್ಟು ತಂದಿರ್ತಾನೆ.

ಅಮೆರಿಕದ ರಾಷ್ಟ್ರಗೀತೆಯಲ್ಲಿ ‘ರಾಕೆಟ್ಸ್ ರೆಡ್ ಗ್ಲೇರ್’ ಅಂತ ಬರುತ್ತಲ್ವಾ, ಅಲ್ಲಿ ‘ರೆಡ್’ ಅನ್ನೋದನ್ನು ಮಾತ್ರ ಎಲ್ಲರೂ ಗಂಟಲು ಹರಿಯೋ ಹಾಗೆ ಕೂಗ್ತಾರೆ. ಕಾರ್ನೆಲ್ ತಂಡದ ಅಡ್ಡಹೆಸರು ‘ಬಿಗ್ ರೆಡ್’. ಗೋಲ್ ಬಿದ್ದರೆ ಎದುರು ಗೋಲ್‌ಕೀಪರ್ ಕಡೆ ಕೈ ತೋರಿಸಿ ‘ಸೀವ್! ಸೀವ್!’, ಅಂದರೆ ನೀನು ಜರಡಿ ಅಂತ. ಇದು ನಮ್ಮೊಬ್ಬರದೇ ಅಲ್ಲ, ಕಾಲೇಜು ಹಾಕಿ ಇರೋ ಕಡೆಯೆಲ್ಲ ಇದೆ. ಇನ್ನು ಆಟ ಮಂಕಾದಾಗ ಒಬ್ಬ ದನದ ಕೊರಳ ಗಂಟೆ ಬಾರಿಸ್ತಾನೆ, ಆ ತಾಳಕ್ಕೆ ಉಳಿದವರ ಚಪ್ಪಾಳೆ.

ಈಗ ನೋಡಿ, ಪ್ರತಿ ಕೂಗಿಗೂ ಒಂದು ಗೂಟ ಇದೆ. ಹೆಸರು ಓದುವಾಗ ಪೇಪರ್, ಗೀತೆಯ ಆ ಒಂದು ಪದಕ್ಕೆ ‘ರೆಡ್’, ಗೋಲ್ ಬಿದ್ದರೆ ‘ಸೀವ್’. ಆ ಕ್ಷಣ ಪ್ರತಿ ಆಟದಲ್ಲೂ ಬಂದೇ ಬರುತ್ತೆ, ಕೂಗೂ ಅದರ ಹಿಂದೆಯೇ ಬರುತ್ತೆ. ಯಾವಾಗ ಬೇಕಾದರೂ ಕೂಗಬಹುದಾದ ಸ್ಲೋಗನ್‌ಗಳು ಎರಡು ವರ್ಷ ಬಾಳಲ್ಲ. ನಿಮ್ಮ ಪಟ್ಟಿ ತೆಗೆದುಕೊಳ್ಳಿ. ಯಾವುದಕ್ಕೆ ‘ಇದು ಯಾವಾಗ’ ಅನ್ನೋದಕ್ಕೆ ಉತ್ತರ ಇಲ್ಲವೋ ಅದನ್ನು ಹೊಡೆದುಹಾಕಿ. ಉಳಿದದ್ದರಲ್ಲಿ ಮೊದಲ ತಿಂಗಳು ಮೂರೇ ಮೂರು ಹಿಡಿದುಕೊಳ್ಳಿ.

ಸರಪಳಿ ತುಂಡಾದರೆ ಏನಾಗುತ್ತೆ ಅನ್ನೋದನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕಾರ್ನೆಲ್ ದೇಶದಲ್ಲೇ ನಂಬರ್ ಒನ್. 1970ರಲ್ಲಿ 29 ಆಟಕ್ಕೆ 29 ಗೆದ್ದು ಚಾಂಪಿಯನ್ ಆಗಿದ್ದೇ ಕೊನೆ, ಅರ್ಧ ಶತಮಾನದ ನಂತರ ಮತ್ತೆ ಆಸೆ ಚಿಗುರಿತ್ತು. ಅಷ್ಟರಲ್ಲಿ ಕೋವಿಡ್, ಟೂರ್ನಿಯೇ ರದ್ದು. ಮುಂದಿನ ಚಳಿಗಾಲ ಕಾರ್ನೆಲ್ ಸೇರಿರೋ ಕಾಲೇಜು ಒಕ್ಕೂಟ ಐವಿ ಲೀಗ್ ಆಟವನ್ನೇ ನಡೆಸಲಿಲ್ಲ. 2021ರ ಕೊನೆಗೆ ಮತ್ತೆ ಬಾಗಿಲು ತೆಗೆದಾಗ ಮೊದಲ ವರ್ಷದವರಿಗೂ ಗೊತ್ತಿಲ್ಲ, ಎರಡನೇ ವರ್ಷದವರಿಗೂ ಗೊತ್ತಿಲ್ಲ. ಮೂರನೇ ವರ್ಷದವರು ಕಂಡದ್ದು ಒಂದೇ ಸೀಸನ್. ನಾಲ್ಕೇ ವರ್ಷದ ಬಾಳು ಇರೋ ಗುಂಪಿನಲ್ಲಿ ಒಂದು ವರ್ಷ ಖಾಲಿ ಹೋದರೆ ಅರ್ಧ ನೆನಪು ಹೋದ ಹಾಗೆ.

ಆಗ ಕೈ ಹಿಡಿಯೋದು ನಾಲ್ಕು ವರ್ಷಕ್ಕೆ ಬಿಟ್ಟುಹೋಗದ ಜನ. ಊರಿನವರು, ಮಕ್ಕಳು ಮರಿ ಕಟ್ಟಿಕೊಂಡು ದಶಕಗಳಿಂದ ಅದೇ ಸೀಟಿನಲ್ಲಿ ಕೂರುವವರು. ಮತ್ತೆ ಹಳೇ ವಿದ್ಯಾರ್ಥಿಗಳು. 2007ರಿಂದ ಒಂದು ವರ್ಷ ಬಿಟ್ಟು ಒಂದು ವರ್ಷ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ನೆಲ್ ಮತ್ತು ಬಾಸ್ಟನ್ ಯೂನಿವರ್ಸಿಟಿ ಆಡ್ತಾವೆ. ಅಲ್ಲಿ ತಲೆ ನರೆತವರೂ ಹದಿನೆಂಟರ ಹುಡುಗರೂ ಒಂದೇ ಸಾಲಿನಲ್ಲಿ. ಯಾವ ಕೂಗಿನಲ್ಲಿ ಪದ ಬದಲಾಗಿದೆ ಅಂತ ಅಲ್ಲೇ ಜಗಳ. ನಿಮ್ಮ ಕಾಲೇಜಿಗೂ ಊರಿನ ಕಾಯಂ ಪ್ರೇಕ್ಷಕರು ಇದ್ದೇ ಇರ್ತಾರೆ, ಹೋಗಿ ಮಾತಾಡಿಸಿ. ಸೀನಿಯರ್‌ಗಳಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತೆ.

ಆನ್ ಆರ್ಬರ್‌ನಿಂದ

ಕಾರ್ನೆಲ್‌ನವರು ಸಂಕೋಚಕ್ಕೆ ಒಂದು ವಿಷಯ ಬಿಟ್ಟಿದ್ದಾರೆ, ನಾನೇ ಹೇಳ್ತೀನಿ. ನಮ್ಮ ಮಿಷಿಗನ್‌ನ ಯೋಸ್ಟ್ ಅರೀನಾ ಗಲಾಟೆಗೆ ಈಗ ಹೆಸರುವಾಸಿ. ಆದರೆ ಆ ಗಲಾಟೆಯಲ್ಲಿ ಸಾಕಷ್ಟು ಭಾಗ ಅವರಿಂದ ಎತ್ತಿಕೊಂಡದ್ದು. 1991ರ ಮಾರ್ಚ್‌ನಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎಯ ಟೂರ್ನಿಗೆ ಕಾರ್ನೆಲ್ ಇಲ್ಲಿಗೆ ಬಂದಿತ್ತು. ಮೂರು ಆಟದ ಸರಣಿ. ಜೊತೆಗೆ ಬಂದ ಅಭಿಮಾನಿಗಳ ಸಣ್ಣ ಗುಂಪು ಇಡೀ ಯೋಸ್ಟ್‌ನ ಬಾಯಿ ಮುಚ್ಚಿಸಿತು ಅಂತ ಇಲ್ಲಿನ ಹಳಬರು ಇವತ್ತಿಗೂ ಹೇಳ್ತಾರೆ. ಮೊದಲ ಆಟ ಕಾರ್ನೆಲ್‌ಗೆ, ಆಮೇಲಿನ ಎರಡು ಮಿಷಿಗನ್‌ಗೆ. ಸರಣಿ ನಮ್ಮದಾಯಿತು, ಕೂಗು ಅವರದು ನಮಗೆ ಅಂಟಿತು. ಮುಂದಿನ ಸೀಸನ್‌ಗಳಲ್ಲಿ ನಮ್ಮವರು ಅದಕ್ಕೆ ತಮ್ಮ ಮಸಾಲೆ ಹಾಕಿಕೊಂಡರು.

ಹಾಗಾಗಿ ನಿಮ್ಮ ಕಾಲೇಜಿನಲ್ಲಿ ಏನೂ ಉಳಿದಿಲ್ಲ ಅಂದ್ರೆ ನಾಚಿಕೆ ಪಡಬೇಡಿ. ಹತ್ತಿರದ ಒಳ್ಳೇ ರಿಂಕ್‌ಗೆ ಹತ್ತು ಜನ ಹೋಗಿ, ಎದುರು ಗ್ಯಾಲರಿಯಲ್ಲಿ ಕೂತು ನೋಡಿ, ಇಷ್ಟವಾದದ್ದನ್ನು ತಂದುಕೊಳ್ಳಿ. ಎಲ್ಲರೂ ಮಾಡಿದ್ದು ಇದನ್ನೇ.

ಬೈಗುಳದ ಬಗ್ಗೆ: ಇಲ್ಲಿ ಎದುರು ಆಟಗಾರ ತಪ್ಪಿಗೆ ಶಿಕ್ಷೆಯಾಗಿ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರೋಕೆ ಹೋಗುವಾಗ ‘ಸೀ ಯಾ’ ಅಂತ ಬೀಳ್ಕೊಡೋ ಕೂಗು ಇದೆ. ಅದರ ಬಾಲದಲ್ಲಿ ಬೈಗುಳದ ಸರಮಾಲೆ. ಯೂನಿವರ್ಸಿಟಿಯವರು ಬೇಡ ಅಂದಷ್ಟೂ ಅದು ಜೋರಾಯಿತು. ನಿಷೇಧ ಕೆಲಸ ಮಾಡಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಮ್ಯಾಸಚೂಸೆಟ್ಸ್‌ನಿಂದ, ಇಬ್ಬರು ಮಕ್ಕಳ ತಾಯಿ

ನಿಷೇಧ ಬೇಡ ಅನ್ನೋರು ಒಮ್ಮೆ ಏಳು ವರ್ಷದ ಮಗುವಿನ ಪಕ್ಕ ಕೂತು ನೋಡಲಿ! ಹೋದ ಚಳಿಗಾಲ ಒಂದು ಕಾಲೇಜಿನ ಆಟಕ್ಕೆ ಹೋಗಿದ್ದೆವು, ಹೆಸರು ಬೇಡ. ಮನೆಗೆ ಬರೋವಾಗ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಸೇರಿ ಅದನ್ನೇ ರಾಗವಾಗಿ ಹಾಡ್ತಿದ್ದರು. ತಾಳ ಸಮೇತ.

ಆದರೆ ಅದೇ ಮಕ್ಕಳಿಗೆ ಅತಿ ಇಷ್ಟವಾದದ್ದು ಬೇರೆ. ಪೀರಿಯಡ್ (ಆಟದ ಮೂರು ಭಾಗಗಳಲ್ಲಿ ಒಂದು) ಮುಗಿಯೋಕೆ ಒಂದು ನಿಮಿಷ ಇದೆ ಅಂತ ಮೈಕಿನಲ್ಲಿ ಹೇಳಿದರು. ಇಡೀ ಸ್ಟೂಡೆಂಟ್ ಸೆಕ್ಷನ್ ಒಂದೇ ದನಿಯಲ್ಲಿ ‘ಥ್ಯಾಂಕ್ ಯೂ!’ ಅಂದಿತು. ನನ್ನ ಮಗಳು ಈಗ ಮೈಕ್ರೋವೇವ್ ಬೀಪ್ ಅಂದರೂ ಥ್ಯಾಂಕ್ ಯೂ ಕೂಗ್ತಾಳೆ. ಇಂಥವನ್ನು ಜಾಸ್ತಿ ಮಾಡಿ. ಬೈಗುಳ ಬರೋ ಜಾಗದಲ್ಲಿ ಅದಕ್ಕಿಂತ ತಮಾಷೆಯದು ಸಿಕ್ಕರೆ ಹುಡುಗರು ತಾವಾಗಿಯೇ ಬದಲಾಯಿಸ್ತಾರೆ.

ಟ್ರಾಯ್, ಪೆಪ್ ಬ್ಯಾಂಡ್‌ನಲ್ಲಿ ಟ್ರೊಂಬೋನ್ ಊದುತ್ತಿದ್ದವರು

ಗ್ಯಾಲರಿಯಲ್ಲಿ ಕೂತು ಹುರುಪು ತುಂಬೋ ಪೆಪ್ ಬ್ಯಾಂಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಗಡಿಯಾರ ನಾವೇ ರೀ. ಯಾವ ಟ್ಯೂನ್ ನಂತರ ಯಾವ ಕೂಗು ಅನ್ನೋದು ನೋಟ್ಸ್ ಫೋಲ್ಡರ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತೆ. ಆ ಫೋಲ್ಡರ್ ಜೂನಿಯರ್ ಕೈಗೆ ಹೋಗುತ್ತೆ. ಜನ ಮರೆತರೂ ಫೋಲ್ಡರ್ ಮರೆಯಲ್ಲ. ನಿಮ್ಮಲ್ಲಿ ಬ್ಯಾಂಡ್ ಇದ್ದರೆ ಅವರ ಪಕ್ಕದಲ್ಲೇ ಸ್ಟೂಡೆಂಟ್ ಸೆಕ್ಷನ್ ಇರಲಿ.

ಮತ್ತೆ ವರ್ಷಕ್ಕೆ ಒಂದು ಆಟವನ್ನು ಹಬ್ಬ ಮಾಡಿ. ಟ್ರಾಯ್‌ನ ನಮ್ಮ ಕಾಲೇಜು ಆರ್‌ಪಿಐನಲ್ಲಿ 1978ರಿಂದ ‘ಬಿಗ್ ರೆಡ್ ಫ್ರೀಕ್‌ಔಟ್’ ಅಂತ ಒಂದು ರಾತ್ರಿ ಇದೆ (ಕಾರ್ನೆಲ್‌ನ ‘ಬಿಗ್ ರೆಡ್’ ಬೇರೆ). ಹಾಕಿ ಅಂದರೆ ಆಗದವರೂ ಅವತ್ತು ಬರ್ತಾರೆ. ಬಂದವರಲ್ಲಿ ಹತ್ತಕ್ಕೊಬ್ಬ ಅಂಟಿಕೊಂಡರೂ ಸಾಕು.

ಗ್ರ್ಯಾಂಡ್ ಫೋರ್ಕ್ಸ್‌ನಿಂದ

ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ. ಎಲ್ಲಾ ಸಂಪ್ರದಾಯವೂ ಉಳಿಯಲೇಬೇಕು ಅಂತ ಯಾಕೆ?

ನಾರ್ತ್ ಡಕೋಟಾ ಯೂನಿವರ್ಸಿಟಿ ತಂಡದ ಹೆಸರು ಮೊದಲು ‘ಫೈಟಿಂಗ್ ಸೂ’. ಸೂ ಅನ್ನೋದು ಇಲ್ಲಿನ ಮೂಲನಿವಾಸಿಗಳ ಹೆಸರು. ಇಂಥ ಹೆಸರು, ಲಾಂಛನಗಳ ವಿರುದ್ಧ 2005ರಲ್ಲಿ ಎನ್‌ಸಿಎಎ ನಿಯಮ ತಂದಿತು. ವರ್ಷಗಟ್ಟಲೆ ಕೋರ್ಟು, ಜಗಳ ನಡೆದು 2012ರಲ್ಲಿ ರಾಜ್ಯದ ಜನರೇ ಮತ ಹಾಕಿ ಹೆಸರು ಕೈಬಿಟ್ಟರು. 2015ರಲ್ಲಿ ‘ಫೈಟಿಂಗ್ ಹಾಕ್ಸ್’ ಅಂತಾಯಿತು. ಆದರೂ ರಾಷ್ಟ್ರಗೀತೆಯ ಕೊನೇ ಸಾಲಿಗೆ ಬಂದಾಗ ‘ಹೋಮ್ ಆಫ್ ದ ಬ್ರೇವ್’ ಬದಲು ‘ಹೋಮ್ ಆಫ್ ದ ಸೂ’ ಅಂತ ಕೂಗೋರು ಇನ್ನೂ ಇದ್ದಾರೆ. ಹೆಸರು ಹೋದಾಗ ಪ್ರೈಮರಿ ಶಾಲೆಯಲ್ಲಿದ್ದ ಹುಡುಗರೂ ಕೂಗ್ತಾರೆ.

ಮೇಲೆ ಗೂಟದ ಮಾತು ಬಂತಲ್ಲ, ಇದೂ ಅದೇ. ಗೀತೆ ಪ್ರತಿ ಆಟಕ್ಕೂ ಇದೆ, ಆ ಸಾಲು ಬಂದೇ ಬರುತ್ತೆ, ಕೂಗೂ ಬರುತ್ತೆ. ಅಂದ್ರೆ ಆ ಉಪಾಯ ಒಳ್ಳೇದನ್ನೂ ಉಳಿಸುತ್ತೆ, ಕೆಟ್ಟದ್ದನ್ನೂ ಉಳಿಸುತ್ತೆ. ನಾವು ಹೊರಗಿನಿಂದ ಬಂದವರು, ಅಭಿಮಾನದ ಭರದಲ್ಲಿ ಎಲ್ಲದಕ್ಕೂ ದನಿಗೂಡಿಸಿಬಿಡ್ತೀವಿ. ಕೂಗೋ ಮುಂಚೆ ಅದು ಯಾರ ಬಗ್ಗೆ ಅಂತ ಒಮ್ಮೆ ಕೇಳಿಕೊಳ್ಳಿ. ಗೋಲ್‌ಕೀಪರ್‌ನನ್ನು ಜರಡಿ ಅನ್ನೋದು ಬೇರೆ, ಒಂದು ಜನಾಂಗದ ಹೆಸರನ್ನು ಜೈಕಾರ ಮಾಡಿಕೊಳ್ಳೋದು ಬೇರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಂಡ್‌ನವರ ಜೊತೆ ನಾಳೆಯೇ ಮಾತಾಡ್ತೀನಿ. ನಮ್ಮ ಗುಂಪಿನ ಹುಡುಗರು ಏನಾದರೂ ಎಸೆಯೋ ಸಂಪ್ರದಾಯ ಶುರು ಮಾಡೋಣ ಅಂತ ಕುಣೀತಿದ್ದಾರೆ. ಮೀನು ಎಸೀತಾರಂತೆ ಎಲ್ಲೋ?

ಕಾರ್ನೆಲ್‌ನವರು ಮತ್ತೆ

ಎಲ್ಲೋ ಅಲ್ಲ, ನಮ್ಮಲ್ಲೇ. 1973ರಲ್ಲಿ ಹಾರ್ವರ್ಡ್‌ನಲ್ಲಿ ಆಟ ನಡೆದಾಗ ಅಲ್ಲಿನವನೊಬ್ಬ ನಮ್ಮ ಗೋಲ್‌ಕೀಪರ್ ಕಡೆ ಕೋಳಿ ಎಸೆದನಂತೆ. ಕಾರ್ನೆಲ್‌ನಲ್ಲಿ ಕೃಷಿ ಕಾಲೇಜು ಇದೆ, ನೀವೆಲ್ಲ ಕೋಳಿ ಸಾಕೋರು ಅನ್ನೋ ಕುಹಕ. ಹಾರ್ವರ್ಡ್ ಲೈನಾಗೆ ಬಂದಾಗ ನಮ್ಮವರು ಮೀನು ಎಸೆದರು. ನೀವು ಬಾಸ್ಟನ್ ಬಂದರಿನ ಮೀನುಗಾರರು ತಾನೇ ಅಂತ ಉತ್ತರ. ಆ ಕೋಳಿಯನ್ನು ಕಣ್ಣಾರೆ ಕಂಡವರೆಲ್ಲ ಈಗ ಅಜ್ಜಂದಿರು, ಮೀನು ಮಾತ್ರ ನಿಂತಿಲ್ಲ. ಜಾಕೆಟ್ ಒಳಗೆ ಪ್ಲಾಸ್ಟಿಕ್ ಸುತ್ತಿದ ಮೀನು ಇಟ್ಟುಕೊಂಡು, ಬಾಗಿಲಲ್ಲಿ ಸೆಕ್ಯೂರಿಟಿಯವರ ಮುಂದೆ ಅಮಾಯಕ ಮುಖ ಮಾಡೋದೂ ಒಂದು ಕಲೆ. ವಾಸನೆ ಮಾತ್ರ ಗುಟ್ಟು ಬಿಟ್ಟುಕೊಡುತ್ತೆ. ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯಲ್ಲಿ ಬೇರೆ ಪದ್ಧತಿ ಇತ್ತು, ತಮ್ಮ ತಂಡದ ಮೊದಲ ಗೋಲ್ ಬಿದ್ದಾಗ ಒಂದು ಮೀನು ಐಸ್ ಮೇಲೆ ಬೀಳ್ತಿತ್ತು.

ನಿಮಗೆ ನನ್ನ ಸಲಹೆ, ಬೇಡ. ನಮ್ಮವರು ಎಸೆಯೋದು ಹಾರ್ವರ್ಡ್ ತಂಡ ಐಸ್‌ಗೆ ಇಳಿಯುವಾಗ, ಆಟ ಶುರುವಾಗೋ ಮುಂಚೆ. ಆಟದ ನಡುವೆ ಏನಾದರೂ ಬಿದ್ದರೆ ಆಟ ತಡೆದಿರಿ ಅಂತ ರೆಫರಿ ಮನೆ ತಂಡಕ್ಕೇ ಎರಡು ನಿಮಿಷದ ಪೆನಾಲ್ಟಿ ಕೊಡಬಹುದು. ಎರಡು ನಿಮಿಷ ಒಬ್ಬ ಕಡಿಮೆ, ಅಷ್ಟರಲ್ಲಿ ಗೋಲ್ ಬಿತ್ತು ಅಂದ್ರೆ ಕೋಚ್ ನಿಮ್ಮ ಗುಂಪನ್ನು ಜನ್ಮದಲ್ಲಿ ಮರೆಯಲ್ಲ. ಅಷ್ಟಕ್ಕೂ ಕೋಳಿ ಬರದೆ ಮೀನು ಎಸೆದರೆ ಏನು ಮಜಾ? ಪಕ್ಕದ ಕಾಲೇಜಿನವರು ಏನಾದರೂ ಕಿತಾಪತಿ ಮಾಡೋವರೆಗೆ ಕಾಯಿರಿ.

ಅದರ ಬದಲು ಜಾಗ ಸರಿ ಮಾಡಿಕೊಳ್ಳಿ. ಪ್ರತಿ ಪೀರಿಯಡ್‌ಗೂ ತಂಡಗಳು ತುದಿ ಬದಲಾಯಿಸುತ್ತವೆ. ಅಂದ್ರೆ ಎದುರು ಗೋಲ್‌ಕೀಪರ್ ಮೊದಲನೇ ಮತ್ತು ಮೂರನೇ ಪೀರಿಯಡ್‌ನಲ್ಲಿ ಒಂದೇ ತುದಿಯಲ್ಲಿ ಇರ್ತಾನೆ. ಸ್ಟೂಡೆಂಟ್ ಸೆಕ್ಷನ್ ಆ ತುದಿಯಲ್ಲಿ ಇರಲಿ, ‘ಸೀವ್’ ಅಂದರೆ ಅವನ ಬೆನ್ನಿಗೇ ತಾಗುತ್ತೆ. ಮೊದಲ ವರ್ಷದವರಿಗೆ ಬೇರೆ ಬ್ಲಾಕ್ ಕೊಡಿಸಬೇಡಿ, ಹಳಬರ ನಡುನಡುವೆ ನಿಲ್ಲಿಸಿ. ಟಿಕೆಟ್ ಆಫೀಸಿನವರನ್ನು ಬೇಸಿಗೆಯಲ್ಲೇ ಹೋಗಿ ಕೇಳಿ. ಸೀಸನ್ ಟಿಕೆಟ್ ಮಾರಾಟ ಶುರುವಾದ ಮೇಲೆ ಅವರು ಯಾರ ಮಾತೂ ಕೇಳಲ್ಲ.