‘ಓಟಿ’ ಮತ್ತು ‘ದಿನ’: ರಾತ್ರಿ ಪಾಳಿಯ ಲೆಕ್ಕಕ್ಕೆ ಸರಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಹಾಜರಿ, ಬಟವಾಡೆ ನೋಡಿಕೊಳ್ಳುತ್ತೇನೆ. ಓವರ್‌ಟೈಮ್ ಲೆಕ್ಕ ಹೇಗೆ ಅಂತ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಬೋರ್ಡ್ ಬರೆಯಬೇಕಾಗಿದೆ. ಎರಡು ಪದಗಳ ಹತ್ತಿರ ಬಂದು ಕೈ ನಿಂತಿದೆ.

ಮೊದಲನೆಯದು ಓವರ್‌ಟೈಮ್. ನಮ್ಮಲ್ಲಿ ಎಲ್ಲರ ಬಾಯಲ್ಲೂ ‘ಓಟಿ’. ‘ಇವತ್ತು ಓಟಿ ಇದೆ’ ಅಂದರೆ ಕೆಲಸ, ‘ಓಟಿ ಬಂತಾ?’ ಅಂದರೆ ದುಡ್ಡು. ಮಾತಿಗೆ ಅಷ್ಟು ಸಾಕು. ಬರೆಯಲು ಕೂತಾಗ ತೊಡಕು. ‘ಅವಧಿ ಮೀರಿದ ಕೆಲಸ’ ಅಂತ ಬರೆದೆ, ಅವಧಿ ಮೀರಿದ ಮಾತ್ರೆಯ ಹಾಗೆ ಕೇಳಿಸಿತು. ‘ಹೊತ್ತು ಮೀರಿದ ಕೆಲಸ’ ಅಂದರೆ ತಡವಾದ ಕೆಲಸ ಅನ್ನಿಸುತ್ತದೆ, ಊಟದ ಹೊತ್ತು ಮೀರಿತು ಅನ್ನುತ್ತೇವಲ್ಲ, ಹಾಗೆ. ‘ಹೆಚ್ಚುವರಿ ಕೆಲಸ’ ಅಂದರೆ ಇರುವ ಕೆಲಸದ ಜೊತೆಗೆ ಇನ್ನೊಂದು ಕೆಲಸ ಅಂತಲೂ ಆಗುತ್ತದೆ. ಇನ್ನು ‘ಭತ್ಯೆ’ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಭತ್ಯೆ ಸಂಬಳದ ಮೇಲೆ ಸೇರಿಸಿ ಕೊಡುವುದು. ಇದು ದುಡಿದ ಗಂಟೆಗೆ ಸಲ್ಲಬೇಕಾದ ಕೂಲಿ, ಅಲ್ವಾ?

ಓಟಿಯನ್ನು ‘ಹಾಜರಿ’ಯಲ್ಲಿ, ಅಂದರೆ ಒಂದು ದಿನದ ಕೂಲಿಯ ಲೆಕ್ಕದಲ್ಲಿ, ಅಳೆದರೆ ಕೂಲಿಗೇ ಪೆಟ್ಟು ಬೀಳುತ್ತದೆ. ಎಂಟು ಗಂಟೆಗೆ ಒಂದು ಹಾಜರಿ. ನಿಗದಿ ಮೀರಿ ಎರಡು ಗಂಟೆ ದುಡಿದರೆ ‘ಕಾಲು ಹಾಜರಿ’ ಅಂತ ಬರೆದುಬಿಡುತ್ತಾರೆ. ಆದರೆ ಓವರ್‌ಟೈಮ್‌ಗೆ ಕಾಯಿದೆ ಹೇಳುವುದು ಎರಡು ಪಟ್ಟು ದರ. ಲೆಕ್ಕಕ್ಕೆ ಸುಲಭ ಆಗಲಿ ಅಂತ ದಿನಕ್ಕೆ 480 ರೂಪಾಯಿ ಇಟ್ಟುಕೊಳ್ಳೋಣ. ಗಂಟೆಗೆ 60, ಓಟಿಗೆ 120. ಎರಡು ಗಂಟೆಗೆ 240. ಅದು ಅರ್ಧ ಹಾಜರಿ! ಕಾಲು ಅಂತ ಬರೆದವರಿಗೆ ಮೋಸದ ಯೋಚನೆ ಇರಲಿಕ್ಕಿಲ್ಲ. ಆ ಪದವೇ ಅವರ ಕೈಯಲ್ಲಿ ಹಾಗೆ ಬರೆಸುತ್ತದೆ. ಅದಕ್ಕೇ ಬೋರ್ಡಿನಲ್ಲಿ ಹಾಜರಿ ಬೇಡ, ಗಂಟೆಯೇ ಇರಲಿ ಅಂತ ನನಗೆ ಅನ್ನಿಸಿದೆ.

ಎರಡನೆಯ ಪದ ‘ದಿನ’. ನನ್ನ ನಿಜವಾದ ಪ್ರಶ್ನೆ ಇದೇ.

ಒಬ್ಬರು ಸಂಜೆ 6ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುತ್ತಾರೆ, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ನಡುವೆ ಹತ್ತರಿಂದ ಹನ್ನೊಂದು ಊಟ, ವಿಶ್ರಾಂತಿ. ಕೆಲಸ 11 ಗಂಟೆ. ನಾನು ಮೊದಲು ಇದ್ದ ಕಡೆ ಹಾಜರಿ ಪುಸ್ತಕದಲ್ಲಿ ಇದನ್ನು ತಾರೀಖಿನ ಪ್ರಕಾರ ಒಡೆಯುತ್ತಿದ್ದರು. ಸೋಮವಾರಕ್ಕೆ 5, ಮಂಗಳವಾರಕ್ಕೆ 6. ಆಗ ಓಟಿ ಸಿಗಬೇಕಾದರೆ ದಿನಕ್ಕೆ 9 ಇಲ್ಲವೇ ವಾರಕ್ಕೆ 48 ಗಂಟೆ ಮೀರಬೇಕಿತ್ತು. ಹೀಗೆ ಒಡೆದರೆ ಯಾವ ತಾರೀಖಿಗೂ 9 ಗಂಟೆ ಮುಟ್ಟುವುದಿಲ್ಲ. ವಾರಕ್ಕೆ ನಾಲ್ಕು ರಾತ್ರಿ ಬಂದರೂ 44, ಅಲ್ಲೂ 48 ದಾಟುವುದಿಲ್ಲ. ಓಟಿ ಸೊನ್ನೆ. ಆ ಪುಸ್ತಕವನ್ನು ನಾನೇ ತಿಂಗಳುಗಟ್ಟಲೆ ಬರೆದಿದ್ದೇನೆ. ಇವತ್ತಿಗೂ ಮನಸ್ಸಿಗೆ ನೋವಾಗುತ್ತದೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಇದಕ್ಕೆ ನೇರ ಉತ್ತರ ಇತ್ತು; ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ನಡುರಾತ್ರಿಯ ನಿಯಮ ಹಾಗೇ ಇದೆ. ಹಳೆಯ ಕಾಯಿದೆಯ 57ನೇ ಸೆಕ್ಷನ್ ಪ್ರಕಾರ, ಪಾಳಿ ನಡುರಾತ್ರಿ ದಾಟಿದರೆ ಆಮೇಲಿನ ಗಂಟೆಗಳೂ ಹಿಂದಿನ ದಿನಕ್ಕೇ ಸೇರುತ್ತಿದ್ದವು. ಹಾಗಾಗಿ 11 ಗಂಟೆಯೂ ಸೋಮವಾರದ್ದೇ. 59ನೇ ಸೆಕ್ಷನ್ ಪ್ರಕಾರ 9 ಮೀರಿದ ಎರಡು ಗಂಟೆಗೆ ಎರಡು ಪಟ್ಟು ಸಲ್ಲಬೇಕಿತ್ತು.

ಇದು ನಮ್ಮ ಮಾತಿಗೆ ಹೊಸದಲ್ಲ. ‘ಸೋಮವಾರ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು’ ಅನ್ನುತ್ತೇವೆ. ಗಡಿಯಾರದ ಲೆಕ್ಕಕ್ಕೆ ಆಗಲೇ ಮಂಗಳವಾರ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಬಾಯಿಮಾತಿನ ‘ದಿನ’ ಕೆಲಸಗಾರರ ಪರವಾಗಿಯೇ ಇದೆ, ‘ತಾರೀಖು’ ಅವರ ಗಂಟೆಗಳನ್ನು ತುಂಡು ಮಾಡುತ್ತದೆ. ಬೋರ್ಡಿಗೆ ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಪಾಳಿ ಯಾವ ದಿನ ಶುರುವಾಯಿತೋ ಪೂರ್ತಿ ಪಾಳಿ ಆ ದಿನದ್ದೇ. ನಡುರಾತ್ರಿ ಆದಮೇಲಿನ ಗಂಟೆಗಳೂ ಅದಕ್ಕೇ ಸೇರುತ್ತವೆ. ನಿಗದಿ ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ಕೂಲಿ.’

‘ಪಾಳಿದಿನ’ ಅಂತ ಒಂದೇ ಪದ ಮಾಡಿದರೆ ಓದುವವರಿಗೆ ಹೊಳೆಯುತ್ತದೆಯೇ? ಓವರ್‌ಟೈಮ್‌ಗೆ ‘ಮೇಲ್ಗಂಟೆ ಕೂಲಿ’ ಅಂದರೆ ಹೇಗೆ, ಅಥವಾ ಸುಮ್ನೆ ‘ಓಟಿ’ ಅಂತಲೇ ಬಿಡಲೇ? ಹುಬ್ಬಳ್ಳಿ, ದಾವಣಗೆರೆ, ಗೋಕಾಕದ ಬಟ್ಟೆ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡಿದವರು ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ಕೇಳಿ ತಿಳಿಸಿ, ಅವರು ಇದಕ್ಕೆ ಏನನ್ನುತ್ತಿದ್ದರು?