ಇಮೇಲ್ ‘ಫಿಲ್ಟರ್’: ಸೋಸುವುದೋ, ವಿಂಗಡಿಸುವುದೋ?

ಸಹಕಾರ ಸಂಘವೊಂದರ ಸಿಬ್ಬಂದಿಗಾಗಿ ಕನ್ನಡದಲ್ಲಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಸಂಘಕ್ಕೆ ಬರುವ ಇಮೇಲ್‌ಗಳು ತಾವಾಗಿಯೇ ಬೇರೆ ಬೇರೆ ಫೋಲ್ಡರ್‌ಗಳಿಗೆ ಹೋಗಿ ಸೇರುವಂತೆ ಮಾಡುವುದು ಹೇಗೆ ಎಂಬುದು ಅದರ ಒಂದು ಅಧ್ಯಾಯ. ಇಲಾಖೆಯ ಸುತ್ತೋಲೆಗಳು ಒಂದೆಡೆ, ಬ್ಯಾಂಕಿನ ಲೆಕ್ಕಪಟ್ಟಿಗಳು ಒಂದೆಡೆ, ಸದಸ್ಯರ ಅರ್ಜಿ ಮತ್ತು ದೂರುಗಳು ಇನ್ನೊಂದೆಡೆ. ಮಾಡುವುದು ಸುಲಭ, ಕನ್ನಡದಲ್ಲಿ ಹೇಳುವುದು ಕಷ್ಟವಾಗಿದೆ. ಇದನ್ನು ಮಾಡಿಕೊಡುವ ಸೌಲಭ್ಯದ ಹೆಸರಾದ ‘ಫಿಲ್ಟರ್’ ಎಂಬುದಕ್ಕೆ ಸೋಸುಕ, ಶೋಧಕ, ಜರಡಿ ಎಂದೆಲ್ಲ ಬರೆಯುವವರಿದ್ದಾರೆ. ಈ ಮೂರೂ ಇಲ್ಲಿ ನಡೆಯುವ ಕೆಲಸವನ್ನು ಹೇಳುವುದಿಲ್ಲ ಎಂದು ನನಗೆ ಅನ್ನಿಸಿದೆ. ಏಕೆಂದು ವಿವರಿಸುತ್ತೇನೆ, ಬಲ್ಲವರು ಒಪ್ಪಬಹುದು ಅಥವಾ ತಿದ್ದಬಹುದು.

ಮೊದಲು ‘ಸೋಸು’. ಎಲ್ಲರ ಅಡುಗೆಮನೆಯಲ್ಲೂ ಇರುವ ಮಾತು. ತೊಡಕು ಬರುವುದೂ ಅಲ್ಲಿಂದಲೇ. ಸೋಸಿದ ಮೇಲೆ ಒಂದು ಪಾಲು ನಮಗೆ ಬೇಕಾದದ್ದು, ಇನ್ನೊಂದು ಚೆಲ್ಲುವಂಥದ್ದು. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಕೆಳಗಿಳಿಯುತ್ತದೆ, ಮೇಲುಳಿದ ಚರಟ ಗಿಡದ ಬುಡಕ್ಕೆ ಹೋಗುತ್ತದೆ. ಕರಡನ್ನು ಎರಡು ಬಗೆಯಲ್ಲಿ ಬರೆದು ಸಂಘದ ಕಚೇರಿಯಲ್ಲಿ ಓದಲು ಕೊಟ್ಟಿದ್ದೆ. ‘ಬ್ಯಾಂಕಿನಿಂದ ಬರುವ ಪತ್ರಗಳನ್ನು ಸೋಸಿ’ ಎಂಬ ಸಾಲನ್ನು ಓದಿದ ಹಿರಿಯ ಗುಮಾಸ್ತರೊಬ್ಬರು, “ಸೋಸಿದ ಮೇಲೆ ಉಳಿದ ಪತ್ರಗಳು ಎಲ್ಲಿ ಹೋಗುತ್ತವೆ ಸರ್? ಅಳಿಸಿಹೋದರೆ ಆಡಿಟ್‌ನವರಿಗೆ ಏನು ತೋರಿಸಲಿ?” ಎಂದು ಕೇಳಿದರು. ನೂರಕ್ಕೆ ನೂರು ನ್ಯಾಯವಾದ ಪ್ರಶ್ನೆ. ಅವರು ಕನ್ನಡ ಪದವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಇಮೇಲ್ ಫಿಲ್ಟರ್ ತಾನಾಗಿ ಏನನ್ನೂ ಎಸೆಯುವುದಿಲ್ಲ. ಅಳಿಸು ಎಂದು ನಾವೇ ಹೇಳದ ಹೊರತು ಪ್ರತಿಯೊಂದು ಪತ್ರವೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಬೇಡದ ಜಾಹೀರಾತು, ಮೋಸದ ಪತ್ರಗಳನ್ನು ತಡೆಯುವ ಸ್ಪ್ಯಾಮ್ ಫಿಲ್ಟರ್‌ಗೆ ‘ಸೋಸು’ ಚೆನ್ನಾಗಿಯೇ ಒಪ್ಪುತ್ತದೆ, ಅಲ್ಲಿ ಕಸವೂ ಇದೆ, ಕಸ ತೆಗೆಯುವ ಉದ್ದೇಶವೂ ಇದೆ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರಿದೆ ಎಂದ ಮಾತ್ರಕ್ಕೆ ಕನ್ನಡದಲ್ಲೂ ಒಂದೇ ಇರಬೇಕೆಂದಿಲ್ಲ.

‘ಶೋಧಕ’ ಇನ್ನೂ ಗೊಂದಲದ್ದು. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತೇವೆ, ಕಳೆದುಹೋದದ್ದನ್ನೂ ಶೋಧಿಸುತ್ತೇವೆ. ಕಾಗದದ ಮೇಲೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು, ಪರದೆಯ ಮೇಲೆ ಆಗದು. ಜಿಮೇಲ್‌ನಲ್ಲಿ ಫಿಲ್ಟರ್ ರಚಿಸುವ ದಾರಿಯೇ ಹುಡುಕುವ ಪೆಟ್ಟಿಗೆಯ ಮೂಲಕ ಸಾಗುತ್ತದೆ. ಅದರ ಬಲತುದಿಯ ಗುರುತನ್ನು ಒತ್ತಿದರೆ ಯಾರಿಂದ, ಯಾರಿಗೆ, ವಿಷಯವೇನು, ಯಾವ ಪದಗಳಿವೆ, ಯಾವ ಪದಗಳಿಲ್ಲ ಎಂದು ಕೇಳುವ ಫಲಕವೊಂದು ತೆರೆದುಕೊಳ್ಳುತ್ತದೆ. ಅದರ ಅಡಿಯಲ್ಲಿ ಅಕ್ಕಪಕ್ಕ ಎರಡು ಗುಂಡಿಗಳಿವೆ. ಒಂದು ಈಗಲೇ ಹುಡುಕಲು, ಇನ್ನೊಂದು ಇವೇ ಷರತ್ತುಗಳನ್ನು ಮುಂದೆ ಬರುವ ಪತ್ರಗಳಿಗೂ ಹಾಕಿಡಲು. ಒಂದರ ಮೇಲೆ ‘ಶೋಧ’, ಇನ್ನೊಂದರ ಮೇಲೆ ‘ಶೋಧಕ’ ಎಂದು ಬರೆದರೆ ಹೊಸಬರು ಯಾವುದನ್ನು ಒತ್ತಬೇಕು?

‘ಜರಡಿ’ಯ ಪರವಾಗಿ ಹೇಳುವುದಕ್ಕೆ ಒಂದಿಷ್ಟಿದೆ. ಇಮೇಲ್‌ಗಳು ಮೊದಲು ಬಂದು ಸೇರುವ ಕಂಪ್ಯೂಟರಿನಲ್ಲೇ (ಸರ್ವರ್) ಪತ್ರಗಳನ್ನು ಬೇರ್ಪಡಿಸುವುದಕ್ಕೆಂದು 2001ರಲ್ಲಿ ಪ್ರಕಟವಾಗಿ 2008ರಲ್ಲಿ ಪರಿಷ್ಕಾರಗೊಂಡ, ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಪುಟ್ಟ ಭಾಷೆಯ ಹೆಸರು ‘ಸೀವ್’, ಅಂದರೆ ಜರಡಿಯೇ. ಕಾಫಿ ಬೀಜವನ್ನು ದರ್ಜೆ ಮಾಡುವಾಗ ಬೇರೆ ಬೇರೆ ಕಣ್ಣಿನ ಜರಡಿಗಳಲ್ಲಿ ಹಾಯಿಸುತ್ತಾರೆ, ಅಲ್ಲಿಯೂ ಯಾವ ದರ್ಜೆಯನ್ನೂ ಬಿಸಾಡುವುದಿಲ್ಲ. ಆದರೆ ಜರಡಿ ಕೇಳುವುದು ಗಾತ್ರ ಎಂಬ ಒಂದೇ ಪ್ರಶ್ನೆಯನ್ನು. ಇಲ್ಲಿ ಕಳುಹಿಸಿದವರ ವಿಳಾಸ, ವಿಷಯದ ಸಾಲು, ಲಗತ್ತು ಇದೆಯೋ ಇಲ್ಲವೋ ಎಂದು ಹಲವು ಪ್ರಶ್ನೆಗಳಿವೆ. ಗಮನಿಸಬೇಕಾದ ಸಂಗತಿ ಎಂದರೆ ಆ ಸೀವ್ ಭಾಷೆಯ ಆಜ್ಞೆಗಳಲ್ಲಿ ಜರಡಿಯ ಸುಳಿವೇ ಇಲ್ಲ. ಪತ್ರವನ್ನು ಇಟ್ಟುಕೋ, ಇಂಥ ಕಡೆ ಸೇರಿಸು, ಬೇರೆ ವಿಳಾಸಕ್ಕೆ ಕಳುಹಿಸು, ಎಸೆದುಬಿಡು, ಇವೇ ಅದರ ಮುಖ್ಯ ಆಜ್ಞೆಗಳು. ಯಾವ ಷರತ್ತಿಗೂ ಹೊಂದದ ಪತ್ರವನ್ನು ಇಟ್ಟುಕೊಳ್ಳಬೇಕು ಎಂಬುದು ಹೇಳದೆಯೇ ಅನ್ವಯವಾಗುವ ನಿಯಮ. ಇದು ಕಚೇರಿಯ ಟಪಾಲು ವಿಭಾಗದವರ ಮಾತಿನಂತೆ ಕೇಳುತ್ತದೆ.

ಈ ಕೆಲಸಕ್ಕೆ ಅಂಚೆಯವರಲ್ಲಿ ಮತ್ತು ಕಚೇರಿಗಳಲ್ಲಿ ಬಹಳ ಹಿಂದಿನಿಂದ ಪದವಿದೆ: ವಿಂಗಡಣೆ. ಕಾಗದಗಳನ್ನು ಊರೂರಿಗೆ ವಿಂಗಡಿಸುತ್ತಾರೆ, ಆಮೇಲೆ ಬಟವಾಡೆ ಮಾಡುತ್ತಾರೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಹುಟ್ಟಿದ್ದೇ ಇದಕ್ಕಾಗಿ. ಆರು ಅಂಕಿಗಳಲ್ಲಿ ಮೊದಲನೆಯದು ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಕಿ ಬಟವಾಡೆಯ ಕಚೇರಿ. 570 ಕಂಡರೆ ಮೈಸೂರಿನ ಕಡೆಗೆ, 580 ಕಂಡರೆ ಧಾರವಾಡದ ಕಡೆಗೆ. ಇಂಥ ಗುರುತು ಕಂಡರೆ ಇಂಥ ಕಡೆ ಹಾಕು ಎಂಬುದೇ ಇಮೇಲ್ ಫಿಲ್ಟರಿನ ಪೂರ್ತಿ ತಿರುಳು. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಎಂದು ಬೇರೆ ಮಾಡಬೇಕಾಗಿ ಬಂದಾಗಲೂ ಜನರ ಬಾಯಿಗೆ ಬಂದದ್ದು ‘ಕಸ ವಿಂಗಡಣೆ’ಯೇ. ಹಾಗಾಗಿ ಫಿಲ್ಟರ್‌ಗೆ ‘ವಿಂಗಡಣೆ ನಿಯಮ’ ಎಂದು ಬರೆಯಲು ಹೊರಟಿದ್ದೇನೆ. ಬೇರೊಂದು ಪ್ರಸಿದ್ಧ ತಂತ್ರಾಂಶದಲ್ಲಿ ಇದನ್ನು ‘ರೂಲ್ಸ್’ ಎಂದೇ ಕರೆಯುವುದರಿಂದ ಅದನ್ನು ಬಳಸುವವರಿಗೂ ಈ ಹೆಸರು ಹೊಂದುತ್ತದೆ. ಕ್ರಿಯಾಪದವಾಗಿ ‘ವಿಂಗಡಿಸು’ ಕೈಗೇ ಸಿಗುತ್ತದೆ, ‘ಸೋಸುಕಿಸು’ ಎಂದು ಯಾರೂ ಹೇಳಲಾರರು.

ಫೋಲ್ಡರ್‌ನ ಪ್ರಶ್ನೆ ಇದಕ್ಕಿಂತ ಗಟ್ಟಿ. ‘ಕಡತ’ ಎಂದು ಬರೆಯುವ ಆಸೆ ನನಗಿದೆ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಹಳೆಯ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಮಡಚಿಡುವ ವಸ್ತುವಿಗೇ ಹುಟ್ಟಿದ ಕನ್ನಡದ ಹೆಸರು ಅದು. ಆದರೆ ಇಂದು ಸರ್ಕಾರಿ ಕಚೇರಿಯಲ್ಲಿ ಕಡತವೆಂದರೆ ಫೈಲು, ಕಂಪ್ಯೂಟರಿನ ಕನ್ನಡದಲ್ಲೂ ಫೈಲಿಗೆ ಅದನ್ನೇ ಬಳಸುತ್ತಾರೆ, ಫೋಲ್ಡರ್‌ಗೆ ‘ಕಡತಕೋಶ’ ಎಂದು ಬರೆಯುತ್ತಾರೆ. ಅರ್ಥ ಸರಿಯೇ, ಆದರೆ ಹತ್ತು ಸಾಲಿನಲ್ಲಿ ಎಂಟು ಸಲ ಬಂದರೆ ಓದುವವರ ಬಾಯಿ ತೊಡರುತ್ತದೆ. ಕಾಗದಗಳ ‘ಕಟ್ಟು’ ಎನ್ನುವುದು ಚಿಕ್ಕದು, ಹಳೆಯದು, ಆದರೆ ಕಟ್ಟಿನಿಂದ ಒಂದು ಪತ್ರ ತೆಗೆಯಲು ಕಟ್ಟನ್ನು ಬಿಚ್ಚಬೇಕು ಎಂಬ ಭಾವ ಉಳಿದುಬಿಡುತ್ತದೆ. ‘ಫೋಲ್ಡರ್’ ಎಂದೇ ಬಿಡುವುದಕ್ಕೂ ನನ್ನ ವಿರೋಧವಿಲ್ಲ.

ಇದಕ್ಕೆ ಸೇರಿಕೊಂಡಂತೆ ‘ಲೇಬಲ್’ ಇದೆ, ಇದನ್ನು ಫೋಲ್ಡರ್‌ನೊಂದಿಗೆ ಬೆರೆಸಿದರೆ ಬಳಸುವವರು ನಿಜವಾಗಿಯೂ ತೊಂದರೆಗೆ ಸಿಲುಕುತ್ತಾರೆ. ಫೋಲ್ಡರ್‌ನಲ್ಲಿ ಪತ್ರ ಒಂದೇ ಕಡೆ ಇರುತ್ತದೆ. ಜಿಮೇಲ್‌ನಲ್ಲಿ ಇರುವುದು ಲೇಬಲ್, ಒಂದೇ ಪತ್ರಕ್ಕೆ ‘ಬ್ಯಾಂಕ್’ ಎಂದೂ ‘ತುರ್ತು’ ಎಂದೂ ಎರಡು ಹಚ್ಚಬಹುದು. ಇನ್‌ಬಾಕ್ಸ್‌ಗೆ ಬಾರದಂತೆ ಮಾಡುವ ಆಯ್ಕೆಯನ್ನು ಬೇರೆಯಾಗಿ ಗುರುತಿಸದಿದ್ದರೆ ಲೇಬಲ್ ಹತ್ತಿದ ಮೇಲೂ ಪತ್ರ ಇನ್‌ಬಾಕ್ಸ್‌ನಲ್ಲಿಯೇ ಕಾಣುತ್ತದೆ. ‘ಫೋಲ್ಡರ್‌ಗೆ ಹೋಗುತ್ತದೆ’ ಎಂದು ಓದಿದವರು ನಿಯಮ ಕೆಲಸ ಮಾಡಲಿಲ್ಲವೆಂದು ಮತ್ತೆ ಮತ್ತೆ ಹೊಸ ನಿಯಮ ಹಾಕುತ್ತಾ ಕೂರುತ್ತಾರೆ. ‘ಹಣೆಪಟ್ಟಿ’ ಎಂಬ ಸಲಹೆ ಬಂದಿದೆ. ಅದನ್ನು ಒಪ್ಪಲು ಮನಸ್ಸಿಲ್ಲ, ಹಣೆಪಟ್ಟಿ ಹಚ್ಚುವುದೆಂದರೆ ಕನ್ನಡದಲ್ಲಿ ಒಬ್ಬರನ್ನು ಹೀಗೆಯೇ ಎಂದು ಹೀಗಳೆಯುವುದು. ‘ಚೀಟಿ’ ಸರಳ. ‘ಈ ಪತ್ರಕ್ಕೆ ಬ್ಯಾಂಕ್ ಚೀಟಿ ಹಚ್ಚು’ ಎಂದರೆ ಯಾರಿಗೂ ವಿವರಣೆ ಬೇಕಾಗದು.

ನನಗೆ ಬೇಕಾದದ್ದು ಎರಡು ಉತ್ತರಗಳು. ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಬರುವ ಟಪಾಲಿಗೆ ‘ಆವಕ’, ಹೋಗುವುದಕ್ಕೆ ‘ಜಾವಕ’ ಎಂಬ ಬಳಕೆಯಿದೆ. ಅಲ್ಲಿ ಟಪಾಲು ಗುಮಾಸ್ತರು ಆವಕದ ಕಾಗದಗಳನ್ನು ಮೇಜುಮೇಜಿಗೆ ಹಂಚುವ ಕೆಲಸಕ್ಕೆ ವಿಂಗಡಣೆಯಲ್ಲದೆ ಬೇರೆ ಮಾತು ರೂಢಿಯಲ್ಲಿದೆಯೇ? ಹಾಗೆಯೇ, ಹಂಚಿದ ಕಾಗದಗಳನ್ನು ವಿಷಯವಾರು ಇಡುವ ಗೂಡಿಗೋ ಹಲಗೆಗೋ ಕರಾವಳಿಯ ಹಳೆಯ ಸೊಸೈಟಿಗಳಲ್ಲಿ, ಕಲಬುರಗಿ ಕಡೆಯ ಕಚೇರಿಗಳಲ್ಲಿ ಏನೆನ್ನುತ್ತಾರೆ? ಸದ್ಯಕ್ಕೆ ಕರಡಿನ ಸಾಲು ಹೀಗಿದೆ: ‘ಇಲಾಖೆಯ ವಿಳಾಸದಿಂದ ಬರುವ ಪತ್ರಗಳಿಗೆ ಸುತ್ತೋಲೆ ಎಂಬ ಚೀಟಿ ಹಚ್ಚುವಂತೆ ವಿಂಗಡಣೆ ನಿಯಮ ರಚಿಸಿ; ಇದರಿಂದ ಯಾವ ಪತ್ರವೂ ಅಳಿಸಿಹೋಗುವುದಿಲ್ಲ.’ ಇದನ್ನು ಓದಿ ಎಲ್ಲಿ ತಡವರಿಸುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.