ಪದಚರ್ಚೆ: ಬಾಯಿಂದ ಈಡು ತುಂಬುವ ಕೋವಿ, ಅದರ ಕುದುರೆ, ಅದರ ಬಟ್ಟಲು

ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕಿತ್ತು. ವಿಷಯ ಕೋವಿ. ಈಗಿನ ಕೋವಿಯಲ್ಲ, ನಳಿಗೆಯ ಬಾಯಿಂದ ಈಡು, ಅಂದರೆ ಮದ್ದು ಗುಂಡು, ತುಂಬಿ ಹೊಡೆಯುವ ಹಳೇ ಕಾಲದ್ದು.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಹತ್ತಿರ. 1777ರ ಸೆಪ್ಟೆಂಬರ್ 11ರಂದು ಇಲ್ಲಿನ ಬ್ರಾಂಡಿವೈನ್ ಹೊಳೆಯ ಆಚೀಚೆ ವಾಷಿಂಗ್ಟನ್ ಸೈನ್ಯಕ್ಕೂ ಬ್ರಿಟಿಷರಿಗೂ ದೊಡ್ಡ ಕಾಳಗ ಆಗಿತ್ತು. ಅಂಥ ಕಾಳಗಗಳನ್ನು ಆ ಕಾಲದ್ದೇ ಬಟ್ಟೆ ತೊಟ್ಟು, ಆ ಕಾಲದ್ದೇ ಕವಾಯತು ಮಾಡಿ ತೋರಿಸುವ ತಂಡಗಳು ಇಲ್ಲಿ ಬಹಳ ಇವೆ. ಕಳೆದ ವರ್ಷ ನಾನೂ ಮಗನೂ ಒಂದು ತಂಡ ಸೇರಿದೆವು. ಈಗ ನಮ್ಮ ಕನ್ನಡ ಮನೆಗಳ ಮಕ್ಕಳು ಇನ್ನೂ ನಾಲ್ಕು ಜನ ಬರುತ್ತೇವೆ ಅಂತಿದ್ದಾರೆ. ಅವರಿಗೂ ಅವರ ಅಪ್ಪ ಅಮ್ಮಂದಿರಿಗೂ ಕನ್ನಡದಲ್ಲೇ ಒಂದು ಪುಟ ಬರೆದುಕೊಡೋಣ ಎಂದು ಕೂತೆ. ಎರಡನೇ ಸಾಲಿಗೇ ಪದ ಸಿಗದೆ ನಿಂತೆ.

ಆ ಹೊತ್ತಿಗೆ ಊರಿಂದ ಅಪ್ಪಯ್ಯ ಬಂದಿದ್ದರು. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜನ ಹತ್ತಿರ ಬೆಳೆ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇತ್ತು. ನಮ್ಮ ತಂಡದಲ್ಲಿ ಬಳಸುವುದು ಬ್ರೌನ್ ಬೆಸ್ ಎನ್ನುವ ಬ್ರಿಟಿಷ್ ಮಸ್ಕೆಟ್ ಕೋವಿಯ ನಕಲು. ತೂಕ ನಾಲ್ಕೂವರೆ ಕೆಜಿ ಹತ್ತಿರ, ನಳಿಗೆಯ ಬಾಯಿ ಮುಕ್ಕಾಲು ಇಂಚು. ಅದನ್ನು ಅಡುಗೆಮನೆ ಮೇಜಿನ ಮೇಲೆ ಇಟ್ಟಾಗ ಅಪ್ಪಯ್ಯ ಮೊದಲು ಕೈ ಹಾಕಲೇ ಇಲ್ಲ. "ಈಡು ಉಂಟೇನೋ ಒಳಗೆ? ಗಜ ಇಳಿಸಿ ನೋಡು ಮೊದಲು" ಅಂದರು. ಗಜ, ಅಂದರೆ ಈಡು ಜಡಿಯುವ ಕೋಲು, ಇಳಿಸಿದೆ. ತಳಕ್ಕೆ ಹೋಗಿ ಠಣ್ ಅಂದಿತು. ಆಮೇಲೆ ಕೈಗೆ ತೆಗೆದುಕೊಂಡು, ಹೆಬ್ಬೆರಳಲ್ಲಿ ಕುದುರೆಯನ್ನು ಅರ್ಧ ಎತ್ತಿ, ಅಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ಎರಡು ಸಲ ನೋಡಿದರು. ಇಲ್ಲಿ ಹೊಸಬರಿಗೆ ಮೊದಲ ದಿನ ಕಲಿಸುವುದೂ ಇದನ್ನೇ. ಆದರೆ ಅಪ್ಪಯ್ಯನ ಬಾಯಲ್ಲಿ ಅದಕ್ಕೆಲ್ಲ ಪದಗಳಿದ್ದವು. ಈಡು, ಗಜ, ಕುದುರೆ, ನಳಿಗೆ, ಚರೆ (ಸಣ್ಣ ಸಣ್ಣ ಗುಂಡು). ನನಗೆ ಒಂದೂ ನೆನಪಾಗಿರಲಿಲ್ಲ.

ಕುದುರೆ ಎನ್ನುವ ಪದವನ್ನೇ ನೋಡಿ. ಕಲ್ಲು ಕಚ್ಚಿಕೊಂಡು ಮುಂದಕ್ಕೆ ಬಡಿಯುವ ಆ ಭಾಗವನ್ನು ಇಂಗ್ಲಿಷಿನವರು ಕಾಕ್ ಅಂದರು, ಅಂದರೆ ಹುಂಜ. ಫ್ರೆಂಚರು ನಾಯಿ ಅಂದರು. ನಾವೂ ತಮಿಳರೂ ಕುದುರೆ ಅಂದೆವು, ಹಿಂದಿಯವರೂ ಘೋಡಾ ಅಂತಾರೆ. ಇಷ್ಟು ಜೀವ ಇರುವ ಪದ ಬಿಟ್ಟು ಪುಟದಲ್ಲಿ "ಆಘಾತಕ" ಎಂದೋ ಮತ್ತೊಂದೋ ಬರೆಯಲು ನನಗೆ ಮನಸ್ಸಿಲ್ಲ.

ಈಗ ಮೊದಲ ಪ್ರಶ್ನೆ. ಅಜ್ಜನದು ಕೇಪಿನ ಕೋವಿ, ತಾಮ್ರದ ಸಣ್ಣ ಟೊಪ್ಪಿಯ ಮೇಲೆ ಕುದುರೆ ಬಡಿದರೆ ಕಿಡಿ. ಕೇಪು ಬಂದದ್ದು 19ನೇ ಶತಮಾನದಲ್ಲಿ. 1777ರ ಕೋವಿಯಲ್ಲಿ ಕೇಪಿಲ್ಲ, ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು. ಅದಕ್ಕೆ "ಚಕಮಕಿ ಕೋವಿ" ಅನ್ನಬಹುದು ಅಂತ ನನಗೆ ಅನಿಸುತ್ತದೆ. ಚಕಮಕಿ ಎಂದರೆ ಬೆಂಕಿ ಹೊತ್ತಿಸುವ ಕಲ್ಲು ಅಲ್ವಾ? ಆದರೆ ಪೇಪರಿನಲ್ಲಿ ದಿನಾ "ಗುಂಡಿನ ಚಕಮಕಿ", "ಮಾತಿನ ಚಕಮಕಿ" ಓದಿ ಓದಿ, ಮಕ್ಕಳಿಗೆ ಚಕಮಕಿ ಎಂದರೆ ಜಗಳ ಅಂತಲೇ ಆಗಿದೆ. ಕಲ್ಲಿನ ಅರ್ಥ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ? ಇದ್ದರೆ ನಾನು ಧೈರ್ಯವಾಗಿ ಬರೆಯುತ್ತೇನೆ. ಮಝಲ್‌ಲೋಡರ್ ಎನ್ನುವ ಇಡೀ ಜಾತಿಗೆ "ಬಾಯಿಂದ ಈಡು ತುಂಬುವ ಕೋವಿ" ಅಂತ ಬಿಡಿಸಿ ಹೇಳಿದ್ದೇನೆ. ಚಿಕ್ಕದಾಗಿ "ಬಾಯೀಡಿನ ಕೋವಿ" ಅಂದರೆ ಕಿವಿಗೆ ಸರಿ ಕೇಳುತ್ತದೆಯೇ?

ಎರಡನೆಯದು ಬಟ್ಟಲು. ಕುದುರೆಯ ಮುಂದೆ ನಳಿಗೆಗೆ ಅಂಟಿಕೊಂಡಂತೆ ಒಂದು ಪುಟ್ಟ ತಟ್ಟೆ ಇರುತ್ತದೆ. ಅದಕ್ಕೆ ಒಂದು ಚಿಟಿಕೆ ಮದ್ದು ಹಾಕಬೇಕು. ಕಲ್ಲು ಬಡಿದಾಗ ಮೊದಲು ಹೊತ್ತುವುದು ಇದು, ಆಮೇಲೆ ಸಣ್ಣ ತೂತಿನಲ್ಲಿ ಬೆಂಕಿ ಒಳಗೆ ಹೋಗಿ ಒಳಗಿನ ಈಡು ಹಾರುತ್ತದೆ. ಈ ಚಿಟಿಕೆ ಮದ್ದಿಗೆ ಮರಾಠಿಯಲ್ಲಿ ರಂಜಕ ಎನ್ನುತ್ತಾರೆ. ಉತ್ತರ ಕರ್ನಾಟಕದವರು ಈ ಪದ ಕೇಳಿದ್ದೀರಾ? ಅಪ್ಪಯ್ಯನಿಗೆ ಗೊತ್ತಿರಲಿಲ್ಲ, ಕೇಪಿನ ಕೋವಿಗೆ ಅದು ಬೇಕಾಗುವುದೂ ಇಲ್ಲ. ತಟ್ಟೆಗೆ ನಾನು ಸದ್ಯಕ್ಕೆ "ರಂಜಕದ ಬಟ್ಟಲು" ಎಂದು ಬರೆದಿದ್ದೇನೆ.

ಈ ಬಟ್ಟಲಿಂದಲೇ ನನ್ನ ಮೊದಲ ಕಾಳಗ ಕೆಟ್ಟಿತು. ಬೆಳಗ್ಗೆ ಇಬ್ಬನಿ ಜೋರು ಇತ್ತು. ಬಟ್ಟಲಲ್ಲಿ ಬುಸ್ ಅಂತ ಹೊಗೆ ಎದ್ದಿತು, ಒಳಗಿನ ಈಡು ಹಾರಲಿಲ್ಲ. ಪಕ್ಕದವರು ಕೂಡಲೇ "ಕೋವಿ ಬಾಯಿ ಮೇಲೆ, ಹಾಗೇ ನಿಲ್ಲು" ಅಂತ ಕೂಗಿದರು. ಈಡು ತಡವಾಗಿ ಹಾರಿದರೂ ಹಾರೀತು ಎಂಬ ಭಯ. ನಿಂತೆ. ಆಮೇಲೆ ಸಾಲಿನಿಂದ ಹೊರಗೆ ಕರೆದುಕೊಂಡು ಹೋಗಿ, ತಂತಿಯಿಂದ ತೂತು ಚುಚ್ಚಿ ಬಿಡಿಸಿದರು. "ಈಡು ಹಾರಲಿಲ್ಲ" ಎನ್ನುವುದು ಸರಿಯಾದ ಮಾತು ಅಂತ ಅಪ್ಪಯ್ಯ ಹೇಳುತ್ತಾರೆ. ಆದರೆ ಬಟ್ಟಲು ಮಾತ್ರ ಹೊತ್ತಿ ಒಳಗೆ ಹೊತ್ತದಿದ್ದರೆ, ಅದಕ್ಕೇ ಅಂತ ಬೇರೆ ಮಾತು ಉಂಟೇ? ಹೊಸಬರಿಗೆ ಈ ಎರಡರ ವ್ಯತ್ಯಾಸ ತಿಳಿಯಲೇಬೇಕು.

ಮದ್ದು ಎನ್ನುವುದಕ್ಕೆ ಚರ್ಚೆ ಬೇಡ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳಿವೆ, ಶ್ರೀರಂಗಪಟ್ಟಣದಲ್ಲಿ ಮದ್ದಿನ ಮನೆಗಳಿವೆ. ಪೆಟ್ಲುಪ್ಪು, ಇದ್ದಿಲು, ಗಂಧಕ, ಮೂರೂ ಹಳೆಯ ಪದಗಳೇ. ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಇದಕ್ಕೆ ಕರಿ ಮದ್ದೇ ಆಗಬೇಕು, ಈಗಿನ ತೋಟಾದೊಳಗಿನ ಮದ್ದು ಹಾಕಿದರೆ ನಳಿಗೆ ಒಡೆದು ಜೀವ ಹೋಗುತ್ತದೆ.

ಇನ್ನು ಗಜ. ಮೈಸೂರು ದಸರಾದಲ್ಲಿ 21 ಕುಶಾಲತೋಪು ಹಾರಿಸುತ್ತಾರಲ್ಲ, ಅವೂ ಬಾಯಿಂದ ಮದ್ದು ತುಂಬುವ ಫಿರಂಗಿಗಳೇ. ಅಲ್ಲಿ ನಳಿಗೆ ಒರೆಸುವ, ಜಡಿಯುವ ಕೋಲಿಗೆ "ಸಿಂಬ" ಅಂತಾರೆ. ಹಾಗಾದರೆ ಕೋವಿಗೆ ಗಜ, ಫಿರಂಗಿಗೆ ಸಿಂಬ ಅಂತ ಬೇರೆ ಇಡಬಹುದೇ? ಮೈಸೂರಿನವರು ಹೇಳಬೇಕು. ನಮ್ಮ ಆಟದಲ್ಲಿ ಗುಂಡೇ ಇರುವುದಿಲ್ಲ. ಕಾಗದದ ಸುರುಳಿಯಲ್ಲಿ ಬರೀ ಮದ್ದು ಇರುತ್ತದೆ. ಹಲ್ಲಲ್ಲಿ ಕಚ್ಚಿ ಹರಿದು, ಬಟ್ಟಲಿಗೆ ಚಿಟಿಕೆ, ಉಳಿದದ್ದು ನಳಿಗೆಗೆ, ಕಾಗದ ಹೊರಗೆ. ಕಾಳಗದ ಹೊತ್ತಲ್ಲಿ ಗಜ ಹೊರಗೆ ತೆಗೆಯುವ ಹಾಗೇ ಇಲ್ಲ. ಮರೆತು ಒಳಗೇ ಬಿಟ್ಟರೆ ಅದೇ ಬಾಣದ ಹಾಗೆ ಹಾರುತ್ತದೆ.

ಕಡೆಯದಾಗಿ ಈ ಇಡೀ ಕೆಲಸಕ್ಕೇ ಒಂದು ಹೆಸರು ಬೇಕು. "ಅಣಕು ಕಾಳಗ" ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅಣಕ ಎಂದರೆ ಗೇಲಿಯ ವಾಸನೆ ಬರುತ್ತದೆ. ಇಲ್ಲಿ ಜನ ಅಂಗಿಯ ಹೊಲಿಗೆಯನ್ನೂ ಕೈಯಲ್ಲೇ ಹಾಕುತ್ತಾರೆ, ಸತ್ತವರ ಹೆಸರು ಓದಿ ಟೊಪ್ಪಿ ತೆಗೆಯುತ್ತಾರೆ. "ಮರುನಟನೆ" ತಪ್ಪಲ್ಲ, ಸ್ವಲ್ಪ ಒಣ ಒಣ. ಇಲ್ಲಿಯವರು ತಾವು ತೊಟ್ಟ ಸಿಪಾಯಿಯ ರೂಪಕ್ಕೆ ಇಂಪ್ರೆಷನ್ ಅಂತಾರೆ. ಅದಕ್ಕೆ ನಮ್ಮ ಯಕ್ಷಗಾನದ "ವೇಷ" ಎಷ್ಟು ಚೆನ್ನಾಗಿ ಕೂರುತ್ತದೆ! ವೇಷ ಕಟ್ಟುವುದು, ಆಟ ಆಡುವುದು. ಪುಟದ ಮೇಲೆ "ಕಾಳಗದ ಆಟಕ್ಕೆ ವೇಷ ಕಟ್ಟುವವರಿಗೆ" ಅಂತ ಬರೆದಿದ್ದೇನೆ. ಕರಾವಳಿಯವರಿಗೆ ಇದು ಸರಿಯೆನಿಸುತ್ತದೆಯೇ?

ಪುಟದ ಉಳಿದ ಮಾತು ಸರಳ. ಮೊದಲ ಎರಡು ಸಲ ಸುಮ್ನೆ ಬಂದು ನೋಡಿ. ತಂಡದ್ದೇ ಅಂಗಿ, ಕೋಟು ಎರವಲು ಸಿಗುತ್ತದೆ. ಮೊದಲು ಶೂ ಕೊಳ್ಳಿ, ಕಡೆಗೆ ಕೋವಿ. ಯಾವ ಪಡೆಯ ವೇಷವೋ ಅದರ ಕೋವಿಯೇ ಆಗಬೇಕು, ಅವಸರಪಟ್ಟರೆ ದುಡ್ಡು ದಂಡ. ಇಲ್ಲಿ ಸಿಗುವ ಕಡಿಮೆ ಬೆಲೆಯ ನಕಲುಗಳು ಎಷ್ಟೋ ಭಾರತದಲ್ಲೇ ತಯಾರಾಗಿ ಬರುತ್ತವೆ. ಬರುವಾಗ ಕಿಡಿ ಹೋಗುವ ಆ ಸಣ್ಣ ತೂತು ಕೊರೆದಿರುವುದಿಲ್ಲ, ಇಲ್ಲಿಗೆ ಬಂದ ಮೇಲೆ ಕೊರೆಸಬೇಕು. ಆಟ ಮುಗಿದ ದಿನವೇ ಬಿಸಿನೀರು ಹೊಯ್ದು ನಳಿಗೆ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಕರಿ ಮದ್ದಿನ ಮಸಿ ಬೇಗ ತುಕ್ಕು ಹಿಡಿಸುತ್ತದೆ.

ಆ ತೂತಿಗೂ ಒಂದು ಪದ ಬೇಕು ನೋಡಿ. ಅಪ್ಪಯ್ಯ "ಕೋವಿ ಕಿವಿ" ಅಂದರು. ಅದು ನಮ್ಮ ಮನೆಯ ಮಾತೋ, ನಿಮ್ಮ ಕಡೆಯೂ ಉಂಟೋ? ಮುಂದಿನ ಶನಿವಾರ ಮಕ್ಕಳು ಬರುತ್ತಾರೆ. ಅಷ್ಟರೊಳಗೆ ತಿಳಿಸಿದರೆ ಪುಟ ತಿದ್ದಿ ಕೊಡುತ್ತೇನೆ.